ಡ್ರಿಬ್ಲಿಂಗ್‌ಗೆ ಬ್ರೇಕ್ ಹಾಕಿ ಚಿನ್ನ ಗೆಲ್ಲಿಸಿದ ಮೇಷ್ಟ್ರು: ಫುಟ್‌ಬಾಲ್ ಕೋಚ್ ರಹೀಮ್ ಸಾಬ್ ಬದುಕಿನ ಕಥೆ

ಚೆಂಡು ಕಾಲಿಗೆ ಸಿಕ್ಕಿದ್ರೆ ಸಾಕು, ಇಬ್ಬರು ಮೂವರನ್ನು ತಪ್ಪಿಸಿ ಒಬ್ಬನೇ ಗೋಲಿನತ್ತ ಓಡಬೇಕು ಅನ್ನೋ ಆಸೆ ಎಲ್ಲ ಹುಡುಗರಿಗೂ ಇರುತ್ತೆ. ಹೈದರಾಬಾದಿನ ಶಾಲಾ ಮೇಷ್ಟ್ರೊಬ್ಬರು ಈ ಆಸೆಗೇ ಬ್ರೇಕ್ ಹಾಕಿದರು. ಡ್ರಿಬ್ಲಿಂಗ್ ಮಾಡೋ ಹಾಗೇ ಇಲ್ಲ ಅನ್ನೋ ಟೂರ್ನಿಗಳನ್ನು ನಡೆಸಿದರು. ಅವರೇ ಸೈಯದ್ ಅಬ್ದುಲ್ ರಹೀಮ್. ಆಟಗಾರರ ಪಾಲಿಗೆ ರಹೀಮ್ ಸಾಬ್.

1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದ ರಹೀಮ್, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಿಕ್ಷಕರಾದರು. ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂದ ಮೇಲೆ 1950ರಿಂದ 1954ರವರೆಗೆ ಸತತ 5 ಬಾರಿ ಬಾಂಬೆಯ ರೋವರ್ಸ್ ಕಪ್ ಗೆದ್ದಿತು.

ಅವರ ಪಾಠದ ಗುಟ್ಟು ಸರಳ. ಡ್ರಿಬ್ಲಿಂಗ್ ಇಲ್ಲ ಅಂದ್ರೆ ಚೆಂಡು ಬರೋಕ್ಕೂ ಮುಂಚೆ ತಲೆ ಎತ್ತಿ ನೋಡಲೇಬೇಕು, ಜೊತೆಗಾರ ಎಲ್ಲಿದ್ದಾನೆ ಅಂತ ತಿಳಿದಿರಬೇಕು. ಪಾಸ್ ಕೊಟ್ಟವನು ನಿಂತಲ್ಲೇ ನಿಲ್ಲೋ ಹಾಗಿಲ್ಲ, ಖಾಲಿ ಜಾಗಕ್ಕೆ ಸರಿಯಬೇಕು. ಬಲಹೀನ ಕಾಲಿನಿಂದ ಮಾತ್ರ ಒದೆಯಬೇಕು ಅನ್ನೋ ಪಂದ್ಯಗಳನ್ನೂ ಅವರು ಆಡಿಸಿದರು. ಇವತ್ತು ಚಿಕ್ಕ ಚೌಕದೊಳಗೆ ನಾಲ್ವರು ಪಾಸ್ ಮಾಡ್ತಾ, ನಡುವಿನ ಒಬ್ಬ ಚೆಂಡು ಕಸಿಯೋಕೆ ಓಡಾಡೋ ತಾಲೀಮು ಎಲ್ಲ ಕಡೆ ನಡೆಯುತ್ತೆ. ಅದರ ಹಿಂದಿನ ಲೆಕ್ಕಾಚಾರವೂ ಇದೇ: ಜಾಗ ಕಮ್ಮಿ, ಟಚ್ ಕಮ್ಮಿ, ಯೋಚನೆ ಜಾಸ್ತಿ.

1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಅವರ ಭಾರತ ತಂಡ ಇರಾನನ್ನು 1-0ರಿಂದ ಮಣಿಸಿ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಹೀನಾಯ ಸೋಲು. ಆವಾಗ ಹಲವರು ಬರಿಗಾಲಲ್ಲೇ ಆಡಿದ್ದರು. ಆದ್ರೆ ಮೇಷ್ಟ್ರು ಎದೆಗುಂದಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಭಾರತ ಸೆಮಿಫೈನಲ್ ತಲುಪಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅಲ್ಲಿವರೆಗೆ ಹೋದ ಮೊದಲ ಏಷ್ಯಾ ತಂಡ ಅದು. ನಮ್ಮ ಬೆಂಗಳೂರಿನ ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ಕೊನೆಗೆ ಸಿಕ್ಕಿದ್ದು 4ನೇ ಸ್ಥಾನ.

ನಿಜವಾದ ಪರೀಕ್ಷೆ 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ. ಅಷ್ಟೊತ್ತಿಗೆ ರಹೀಮ್ ಸಾಬ್ ದೇಹವನ್ನು ಶ್ವಾಸಕೋಶದ ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಇಸ್ರೇಲ್, ತೈವಾನ್ ದೇಶಗಳನ್ನು ಹೊರಗಿಟ್ಟಿದ್ದಕ್ಕೆ ಭಾರತೀಯ ಅಧಿಕಾರಿಯೊಬ್ಬರು ಆಕ್ಷೇಪ ಎತ್ತಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಕೆಂಡ ಕಾರುತ್ತಿದ್ದರು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಮೇಷ್ಟ್ರು ಅವರನ್ನು ಹಿಂದಿನಿಂದ ತಂದು ಮುಂಚೂಣಿಯಲ್ಲಿ ನಿಲ್ಲಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಸೆಪ್ಟೆಂಬರ್ 4ರಂದು ತುಂಬಿದ ಮೈದಾನದ ಕೂಗಾಟದ ನಡುವೆ, ಮೊದಲು ಸೋಲಿಸಿದ್ದ ಅದೇ ಕೊರಿಯಾವನ್ನು ಭಾರತ 2-1ರಿಂದ ಮಣಿಸಿತು. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯದು.

ಚಿನ್ನ ತಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು ರಹೀಮ್ ಸಾಬ್ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಸಿಕ್ಕೇ ಇಲ್ಲ. 2024ರಲ್ಲಿ ಹಿಂದಿಯ 'ಮೈದಾನ್' ಸಿನಿಮಾ ಬಂದ ಮೇಲೆ ಹೊಸ ತಲೆಮಾರಿಗೂ ಅವರ ಹೆಸರು ಗೊತ್ತಾಯ್ತು.

ಅವರ ಪಾಠಕ್ಕೆ ದೊಡ್ಡ ಸ್ಟೇಡಿಯಂ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ನಾಲ್ಕು ಕಲ್ಲಿಟ್ಟು ಚೌಕ ಮಾಡಿಕೊಂಡರೆ ಆಯ್ತು. ಒಂದು ಚೆಂಡು, ಐದು ಜನ ಮಕ್ಕಳು, ಒಂದೇ ಒಂದು ರೂಲ್ಸು: ಡ್ರಿಬ್ಲಿಂಗ್ ಇಲ್ಲ.