ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಸೀಮೆಯಲ್ಲಿ, ಅಟ್ಟದ ಮೇಲಿಟ್ಟ ತೆಂಗಿನಕಾಯಿಯನ್ನು ಹಿರಿಯರು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆಗಟ್ಟಿತೋ ಇಲ್ಲವೋ ಎಂದು ಆಲಿಸುವುದನ್ನು ಕಾಣದವರು ವಿರಳ. ಆತುರದಿಂದ ಒಡೆದರೆ ಕಾಯಿ ಕೆಡುವುದು. ಅತಿಯಾಗಿ ಶಂಕಿಸಿದರೆ ಸಿದ್ಧವಾದ ಕೊಬ್ಬರಿಯು ಅಟ್ಟದಲ್ಲಿಯೇ ಉಳಿಯುವುದು. ರೇಡಿಯೋ ಶಾಸ್ತ್ರದಲ್ಲಿಯೂ ಇಂತಹುದೇ ಒಂದು ಪ್ರಶ್ನೆಯುಂಟು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ನಾಡಿಗೆ ರೇಡಿಯೋವನ್ನು ತಂದ ಮಹನೀಯರೊಬ್ಬರ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಅರ್ಪಿಸುತ್ತೇವೆ.

ಗೋಪಾಲಸ್ವಾಮಿಗಳು 1896ರಲ್ಲಿ ಜನಿಸಿದರು. ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞರಾದ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದರು. ಅಳತೆಗಳಲ್ಲಿ ಬೆರೆತಿರುವ ದೋಷವನ್ನು ಸಂಖ್ಯಾಶಾಸ್ತ್ರದಿಂದ ಬೇರ್ಪಡಿಸುವ ಮಾರ್ಗವನ್ನು ತೋರಿಸಿದ ಗುರುಗಳು ಅವರು. ಸ್ವದೇಶಕ್ಕೆ ಮರಳಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು.

1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ, ಕೇವಲ 30 ವ್ಯಾಟಿನ ಯಂತ್ರದಿಂದ, ಪ್ರಸಾರವನ್ನು ಆರಂಭಿಸಿದರು. ಅಂದಿನ ಒಂದು ಸಾಧಾರಣ ವಿದ್ಯುದ್ದೀಪಕ್ಕೆ ಬೇಕಾಗುತ್ತಿದ್ದ ಶಕ್ತಿಗಿಂತಲೂ ಇದು ಕಡಮೆ. ಮುಂದೆ 250 ವ್ಯಾಟಿನ ಯಂತ್ರ ಬಂದಿತು. ಸ್ವಂತ ಹಣವನ್ನು ತೊಡಗಿಸಿ ಬೆಳೆಸಿದ ಆ ನಿಲಯಕ್ಕೆ ಆಕಾಶವಾಣಿ ಎಂಬ ಹೆಸರು ಸಂದಿತು. ಬಳಿಕ ಅದು ಮೈಸೂರು ಸಂಸ್ಥಾನದ ಸರ್ಕಾರದ ಕೈ ಸೇರಿತು. ಭಾರತದ ರೇಡಿಯೋ ಸಂಸ್ಥೆಯೂ ಮುಂದೆ ಅದೇ ಹೆಸರನ್ನು ತಾಳಿತು. ಪ್ರೊಫೆಸರರು 1957ರಲ್ಲಿ ದಿವಂಗತರಾದರು.

ದೂರದ ಇಂತಹ ದುರ್ಬಲ ನಿಲಯವು ಮಾತನಾಡುತ್ತಿರುವುದೋ, ಕೇಳುವುದು ಬರಿಯ ಗದ್ದಲವೋ ಎಂದು ನಿರ್ಣಯಿಸುವ ಶಾಸ್ತ್ರವು ಇವರದಲ್ಲ. ರಾಡಾರಿನ ಅಭ್ಯಾಸದಿಂದ ಹುಟ್ಟಿದ ಅದು 1954ರ ವೇಳೆಗೆ ಮನಶ್ಶಾಸ್ತ್ರವನ್ನೂ ಪ್ರವೇಶಿಸಿತು. ಹೀಗೆ ಅವರ ಎರಡು ಪ್ರೀತಿಯ ವಿಷಯಗಳೂ ಒಂದೆಡೆ ಸೇರಿದವು. 1999ರಲ್ಲಿ ಮಿಟೋಲಾ ಎಂಬವರು ಸೂಚಿಸಿದ ಅರಿವುಳ್ಳ ರೇಡಿಯೋ ಯಂತ್ರಗಳಿಗೆ ಇದೇ ಶಾಸ್ತ್ರ ಆಧಾರ. ಅನುಮತಿ ಪಡೆದ ನಿಲಯವು ನುಡಿಯುತ್ತಿದ್ದರೆ ಹೊಸಬನು ಮೌನವಾಗಿರಬೇಕು; ತೆರವಿದ್ದರೆ ಮಾತ್ರ ಮಾತನಾಡಬಹುದು. ಇದಕ್ಕಾಗಿ ಯಂತ್ರವು ಕೆಲಕಾಲ ಬಂದ ಅಲೆಗಳ ಶಕ್ತಿಯ ಸರಾಸರಿಯನ್ನು ಕಂಡು, ಒಂದು ಎಲ್ಲೆಯೊಡನೆ ಹೋಲಿಸುವುದು. ಎಲ್ಲೆಯನ್ನು ಏರಿಸಿದರೆ ಮೆಲುದನಿಯು ತಪ್ಪಿಹೋಗಿ ಪರರ ಮಾತಿಗೆ ಭಂಗವಾಗುವುದು. ಇಳಿಸಿದರೆ ಗದ್ದಲವನ್ನೇ ದನಿಯೆಂದು ಭ್ರಮಿಸಿ ಖಾಲಿಯಿರುವ ಸ್ಥಳವು ವ್ಯರ್ಥವಾಗುವುದು. ಹೆಚ್ಚು ಹೊತ್ತು ಆಲಿಸಿದರೆ, ಅಥವಾ ಹಲವು ಯಂತ್ರಗಳು ಕೂಡಿ ವಿಚಾರಿಸಿದರೆ, ಎರಡು ತಪ್ಪುಗಳೂ ಕಡಮೆಯಾಗುವುವು.

ಗೃಹದಲ್ಲಿಯೂ ಶಾಲೆಯಲ್ಲಿಯೂ ಮೆಲುದನಿಯ ಮಕ್ಕಳುಂಟು. ಮಾತನಾಡುವ ಮುನ್ನ ಇನ್ನಷ್ಟು ಹೊತ್ತು ಆಲಿಸುವ ತಾಳ್ಮೆಯು ನಮ್ಮೆಲ್ಲರಿಗೂ ಉಂಟಾಗಲೆಂದು ಹಾರೈಸುತ್ತೇವೆ.