ರೋಟರಿಯ ಪಾಲ್ ಹ್ಯಾರಿಸ್

ಬಸ್ ತಂಗುದಾಣದಲ್ಲೋ ಕಣ್ಣಿನ ಶಿಬಿರದಲ್ಲೋ ಹಲ್ಲುಗಾಲಿಯ ಗುರುತಿರುವ ರೋಟರಿ ಫಲಕವನ್ನು ನೋಡದವರು ನಮ್ಮಲ್ಲಿ ಕಡಿಮೆ. ಆ ಸಂಸ್ಥೆಯನ್ನು ಹುಟ್ಟುಹಾಕಿದ ಪಾಲ್ ಹ್ಯಾರಿಸ್ ಅವರ ಬದುಕನ್ನು ಇತಿಹಾಸದ ಮೇಷ್ಟರಾದ ನಾನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ.

ಅವರು 1868ರ ಏಪ್ರಿಲ್ 19ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೆಸೀನ್‌ನಲ್ಲಿ ಹುಟ್ಟಿದರು. ತಂದೆಯ ವ್ಯಾಪಾರ ನೆಲಕಚ್ಚಿದ್ದರಿಂದ ಮೂರು ವರ್ಷದ ಮಗು ವರ್ಮಾಂಟ್‌ನ ವಾಲಿಂಗ್‌ಫರ್ಡ್ ಎಂಬ ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಮಡಿಲು ಸೇರಿತು. ಹುಡುಗ ಬಲು ತುಂಟ. ಒಂದು ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡದ್ದೂ ಉಂಟು. ಆದರೂ 1891ರಲ್ಲಿ ಅಯೋವಾದಲ್ಲಿ ಕಾನೂನು ಪದವಿ ಮುಗಿಸಿದರು. ಕೂಡಲೇ ಕರಿಕೋಟು ತೊಡಲಿಲ್ಲ. ಐದು ವರ್ಷ ಊರೂರು ಅಲೆದು ಪತ್ರಿಕೆಯ ವರದಿಗಾರ, ಹಣ್ಣು ಕೀಳುವ ಕೂಲಿ, ನಾಟಕದ ನಟ, ಹೋಟೆಲ್ ಗುಮಾಸ್ತ ಎಲ್ಲ ಆದರು. ದನ ಸಾಗಿಸುವ ಹಡಗಿನಲ್ಲಿ ಇಂಗ್ಲೆಂಡಿಗೂ ಹೋಗಿಬಂದರು.

1896ರಲ್ಲಿ ಶಿಕಾಗೋದಲ್ಲಿ ವಕೀಲಿ ಆರಂಭಿಸಿದರು. ಕಕ್ಷಿದಾರರು ಸಿಕ್ಕರು, ಗೆಳೆಯರು ಸಿಗಲಿಲ್ಲ. ಹಳ್ಳಿಯಲ್ಲಿ ಬೆಳೆದು ಪಟ್ಟಣ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1905ರ ಫೆಬ್ರವರಿ 23ರಂದು ಯೂನಿಟಿ ಕಟ್ಟಡದ 711ನೇ ಕೊಠಡಿಯಲ್ಲಿ ಅವರೂ ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ದರ್ಜಿ ಹೈರಮ್ ಶೋರಿ ಅವರೂ ಸೇರಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು.

ಒಂದು ಸಂಗತಿಯನ್ನು ಮುಚ್ಚಿಡಬಾರದು. ಮೊದಲು ಅದು ಸೇವಾಸಂಸ್ಥೆಯೇ ಅಲ್ಲ. ಗೆಳೆತನ, ಜೊತೆಗೆ ಪರಸ್ಪರ ವ್ಯಾಪಾರ ಕೊಡಿಸಿಕೊಳ್ಳುವುದು, ಇಷ್ಟೇ ಉದ್ದೇಶ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಕರೆದಾಗ, ಊರಿಗೆ ಉಪಯೋಗವಿಲ್ಲದ ಕೂಟ ತಮಗೆ ಬೇಡವೆಂದುಬಿಟ್ಟರು. ಆ ಮಾತು ಹ್ಯಾರಿಸರಿಗೆ ನಾಟಿತು. ಉದ್ದೇಶಗಳಲ್ಲಿ ನಗರದ ಹಿತವೂ ಸೇರಿತು, ಕಾರ್ಟರರೂ ಸೇರಿದರು. ಇದೆಲ್ಲ ಏಕೆ ಎಂದು ಗೊಣಗಿದ ಸದಸ್ಯರೂ ಇದ್ದರು.

ಹಿಡಿದ ಮೊದಲ ದೊಡ್ಡ ಕೆಲಸ ಸಾರ್ವಜನಿಕ ಶೌಚಾಲಯ. ಹೆಂಡದಂಗಡಿಗಳ ಕಡೆಯವರೂ ದೊಡ್ಡ ಮಳಿಗೆಯವರೂ ವಿರೋಧಿಸಿದರು. ಗಂಡಸರಿಗೆ, ಹೆಂಗಸರಿಗೆ ತಮ್ಮಲ್ಲೇ ಅನುಕೂಲವಿದೆಯೆಂದು ಅವರ ವಾದ. ಕುಡಿಯದವನು, ಕೊಳ್ಳಲು ಕಾಸಿಲ್ಲದವಳು ಎಲ್ಲಿಗೆ ಹೋಗಬೇಕು? ಶೌಚಾಲಯವಿಲ್ಲವೆಂದು ಹೈಸ್ಕೂಲು ಬಿಟ್ಟ ಹೆಣ್ಣುಮಕ್ಕಳನ್ನು ಕಂಡಿರುವ ನನಗೆ, ರೋಟರಿಯ ಎಲ್ಲ ಸಮಾರಂಭಗಳಿಗಿಂತ ಈ ಕೆಲಸವೇ ದೊಡ್ಡದು. ಅಂಥ ಸಂಸ್ಥೆ 1989ರವರೆಗೆ ಹೆಂಗಸರನ್ನು ಸದಸ್ಯರಾಗಿಸಲು ನಿಯಮ ಬದಲಿಸಲಿಲ್ಲವೆಂಬುದು ಸೋಜಿಗ.

1910ರಲ್ಲಿ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟವಾಯಿತು. ಹ್ಯಾರಿಸರೇ ಮೊದಲ ಅಧ್ಯಕ್ಷರು. ಅದೇ ವರ್ಷ ಸ್ಕಾಟ್ಲೆಂಡ್ ಮೂಲದ ಜೀನ್ ಥಾಮ್ಸನ್‌ರನ್ನು ಮದುವೆಯಾದರು. ಮಕ್ಕಳಿರಲಿಲ್ಲ. 1920ರ ಹೊತ್ತಿಗೆ ರೋಟರಿ ಕಲ್ಕತ್ತೆಗೂ ಬಂದಿತ್ತು. ಅವರು ಕಾಣದ ಪೋಲಿಯೊ ಹೋರಾಟ 1985ರಲ್ಲಿ ಆರಂಭವಾಯಿತು; ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು.

1947ರ ಜನವರಿ 27ರಂದು ಹ್ಯಾರಿಸ್ ತೀರಿಕೊಂಡರು. ಹೂಹಾರದ ಬದಲು ರೋಟರಿ ಪ್ರತಿಷ್ಠಾನಕ್ಕೆ ಹಣ ಕೊಡಿರೆಂಬುದು ಅವರ ಇಚ್ಛೆಯಾಗಿತ್ತು. ಆ ವರ್ಷವೇ 18 ವಿದ್ಯಾರ್ಥಿಗಳು ವಿದ್ಯಾರ್ಥಿವೇತನ ಪಡೆದು ಪರದೇಶಗಳಲ್ಲಿ ಓದಲು ಹೊರಟರು. ಹ್ಯಾರಿಸರ ಸಮಾಧಿ ಕಲ್ಲಿದ್ದಲು ವ್ಯಾಪಾರಿ ಶೀಲರ ಸಮಾಧಿಯ ಹತ್ತಿರವೇ ಇದೆ.