ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನಮಗಿಂತ ಮೊದಲು ಈ ಸೀಮೆಯಲ್ಲಿ ವಿಶ್ವಾಸದ ಬೀಜವನ್ನು ಬಿತ್ತಿದವರನ್ನು ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ. ಅಂಥವರಲ್ಲಿ ಅಗ್ರಗಣ್ಯರು ವಂದನೀಯ ಅಬ್ಬೆ ದುಬಾಯ್ ಸ್ವಾಮಿಯವರು.

ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ ಜನಿಸಿದ ಇವರು 1792ರಲ್ಲಿ ಗುರುಪಟ್ಟವನ್ನು ಪಡೆದು, ಪ್ಯಾರಿಸ್ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ, ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತಾಂತರಗೊಂಡಿದ್ದ ಕ್ರೈಸ್ತರನ್ನು ಮರಳಿ ಒಗ್ಗೂಡಿಸಲು ಮೈಸೂರು ಸೀಮೆಗೆ ಆಗಮಿಸಿದರು. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಸರಳ ದೇವಾಲಯವು ಇಂದಿಗೂ ಇದೆ. ತಲೆಗೆ ಪೇಟ ಸುತ್ತಿ, ಈ ನಾಡಿನ ಉಡುಪನ್ನೂ ಆಹಾರವನ್ನೂ ತಮ್ಮದಾಗಿಸಿಕೊಂಡ ಅವರನ್ನು ಜನರು ದೊಡ್ಡ ಸ್ವಾಮಿಯವರೆಂದು ಕರೆದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿ ಶ್ರಮಿಸಿದರು. ನಿರ್ಗತಿಕ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಕಲ್ಪಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ.

ನಮ್ಮ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರವು 1807ರಲ್ಲಿ 2000 ವರಹಗಳಿಗೆ ಕೊಂಡಿತು. ಆ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಕರ್ದು ಸ್ವಾಮಿಯವರ ಹಿಂದಿನ ಬರಹವೇ ಆಧಾರವೆಂದು 1987ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಪೂಜ್ಯರೆಂಬ ಕಾರಣಕ್ಕೆ ಈ ಸತ್ಯವನ್ನು ನಾವು ಮರೆಮಾಚಬೇಕಾಗಿಲ್ಲ.

1823ರಲ್ಲಿ ಅವರು ಭಾರತವನ್ನು ಶಾಶ್ವತವಾಗಿ ಬಿಟ್ಟು ಹೊರಟರು. ಈ ನಾಡಿನಲ್ಲಿ ಸುವಾರ್ತೆಯು ಬೇರೂರಲಾರದೆಂಬ ನಿರಾಶೆಯನ್ನು ಅದೇ ವರ್ಷ ಪುಸ್ತಕರೂಪದಲ್ಲಿ ಬಹಿರಂಗವಾಗಿ ತಿಳಿಸಿದರು. ಮುಂದೆ ಪ್ಯಾರಿಸ್ಸಿನ ತಮ್ಮ ಸಂಸ್ಥೆಯ ಗುರುವಿದ್ಯಾಮಂದಿರದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿ, 1848ರಲ್ಲಿ ದೈವಾಧೀನರಾದರು.

ಆದರೆ ಬಿತ್ತಿದ ಬೀಜವು ಬಿತ್ತಿದವನ ನಿರಾಶೆಗೆ ಕಿವಿಗೊಡಲಿಲ್ಲ. 1860ರ ಸುಮಾರಿಗೆ ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಜಪಮಾಲೆ ಮಾತೆಯ ಭವ್ಯ ದೇವಾಲಯವನ್ನು ಕಟ್ಟಿಸಿದರು. ಮಧ್ಯಯುಗದ ಫ್ರಾನ್ಸಿನ ನಗರಗಳಲ್ಲಿ ರೂಪುಗೊಂಡ ಗಾಥಿಕ್ ಶೈಲಿಯ ಚೂಪು ಕಮಾನುಗಳು ನಮ್ಮ ಹೊಲಗದ್ದೆಗಳ ನಡುವೆ ತಲೆಯೆತ್ತಿದವು. 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟಿನಿಂದಾಗಿ ಊರು ತೆರವಾಯಿತು. ನಮ್ಮ ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಯೇ ಪ್ರತಿ ಮಳೆಗಾಲ ಆ ಭಗ್ನ ಗೋಡೆಗಳನ್ನು ಸುತ್ತುವರಿಯುತ್ತಾಳೆ. ಕಟ್ಟಡವು ಶಿಥಿಲವಾದರೂ ಸಭೆಯು ಅಳಿಯಲಿಲ್ಲ. 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ ಹಾಸನ ಸೀಮೆಯ ಆ ಕ್ರೈಸ್ತರೂ ಕಾಫಿಸೀಮೆಯ ನಾವೂ ಒಂದೇ ಕುಟುಂಬದವರಾದೆವು.

ತಮ್ಮ ಶ್ರಮ ವ್ಯರ್ಥವಾಯಿತೆಂದು ಭಾವಿಸಿ ಹೋದ ಆ ಗುರುವಿಗಾಗಿ ಈ ಶತಮಾನೋತ್ಸವದ ಬಲಿಪೂಜೆಯಲ್ಲಿ ನಾವೆಲ್ಲರೂ ಪ್ರಾರ್ಥಿಸೋಣ.